ಎಕ್ಸಿಲ್ಡಾ ಅತ್ತಿಗೆಯ ಹಲ್ಲಿನ ಸೆಟ್ಟು

ನಮ್ಮ ಅತ್ತಿಗೆ ಎಕ್ಸಿಲ್ಡಾಗೆ ಎರಡು ಹಲ್ಲಿನ ಸೆಟ್ಟುಗಳಿದ್ದವು. ಒಂದು ವಾರದ ದಿನಗಳಿಗೆ, ಇನ್ನೊಂದು ಭಾನುವಾರದ ಇಗರ್ಜಿಗೆ. ವಾರದ್ದು ಚಹಾ ಕುಡಿದು ಕುಡಿದು ಮಾಸಿತ್ತು, ಭಾನುವಾರದ್ದು ಹಾಲಿನ ಬಿಳುಪು. ಅವಳೇನಾದರೂ ವಾರದ ನಡುವೆ ಬಿಳಿ ಸೆಟ್ಟು ಹಾಕಿಕೊಂಡು ಬೀದಿಗಿಳಿದಳೆಂದರೆ, ಊರಲ್ಲಿ ಯಾರು ಸತ್ತರು ಎಂದು ನಾವು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು.

ನನಗಿರುವುದು ಒಂದೇ ಸೆಟ್ಟು, ಅದೂ ನನ್ನ ಬಾಯಲ್ಲೇ ಹುಟ್ಟಿದ್ದು. ಹಾಗಂತ ನಾನೇನೂ ಮಹಾ ಜಾಣೆಯಲ್ಲ. ಕಡಲ ದಂಡೆಯ ನಮ್ಮ ಆನ್ಸ್ ಬ್ಲಾಂಶ್ ಊರಲ್ಲಿ ಹುಡುಗಿಗೆ ಮದುವೆ ಗೊತ್ತಾದರೆ ಸಾಕು, ಅಪ್ಪನಾದವನು ಅವಳ ಬಾಯಲ್ಲಿದ್ದ ಹಲ್ಲನ್ನೆಲ್ಲ ಕೀಳಿಸಿ, ಹೊಸ ಸೆಟ್ಟು ಕಟ್ಟಿಸಿ, ಗಂಡನ ಮನೆಗೆ ಕಳಿಸುತ್ತಿದ್ದ. ಅದೇ ಮದುವೆಯ ಉಡುಗೊರೆ. ನಾಳೆ ಅಳಿಯ ಬಂದು, ನಿಮ್ಮ ಮಗಳ ಹಲ್ಲುನೋವಿಗೆ ನನ್ನ ದೋಣಿ ಮಾರಬೇಕಾಯಿತು ಅನ್ನಬಾರದಲ್ಲ! ನನ್ನನ್ನು ಕೇಳಿಕೊಂಡು ಯಾವ ಗಂಡೂ ಬರಲಿಲ್ಲ, ಹಲ್ಲು ಉಳಿದವು. ಎಕ್ಸಿಲ್ಡಾ ಇದನ್ನು ಎಲ್ಲರೆದುರಿಗೂ ಹೇಳಿ ನಗುತ್ತಿದ್ದಳು.

"ನಮ್ಮ ಯುಲಾಲಿ ಒಂದ್ಸಲ ನಕ್ರೆ ಸಾಕು, ಇನ್ನೂ ಮದುವೆ ಆಗಿಲ್ಲ ಅಂತ ಗೊತ್ತಾಗೋಗುತ್ತೆ."

ಹೆರಿಂಗ್ ಮೀನಿನ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಮೇಜಿನಲ್ಲಿ ನಿಂತು ಮೀನು ಕೊಯ್ಯುತ್ತಿದ್ದೆವು. ಚೂರಿ ಹಿಡಿದರೆ ಅವಳ ಸಮಕ್ಕೆ ಬರುವವರಿಲ್ಲ. ಬಾಯಿ ತೆರೆದರೂ ಅಷ್ಟೇ. ಆದರೆ ಬಯ್ಯುವುದಕ್ಕೆ ಅವಳಿಗೆ ಒಂದು ಅಡ್ಡಿಯಿತ್ತು. ಸಿಟ್ಟು ಏರಿದರೆ ಮೇಲಿನ ಸೆಟ್ಟು ಸಡಿಲವಾಗುತ್ತಿತ್ತು. ಅದಕ್ಕೆ ಮೊದಲು ಹೆಬ್ಬೆರಳಲ್ಲಿ ಅದನ್ನೊಮ್ಮೆ ಒತ್ತಿಕೊಂಡು, ಆಮೇಲೆ ಶುರುಮಾಡುತ್ತಿದ್ದಳು. ನಮ್ಮ ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೆಬ್ಬೆರಳು ಮೇಲೆದ್ದ ಕೂಡಲೇ ಅವನು ಆ ಕಡೆಯ ಬಾಗಿಲಿಂದ ಪರಾರಿ.

ಊಟದ ಹೊತ್ತಿಗೆ ಮೇಲಿನದು ಕೆಳಗಿನದು ಎರಡನ್ನೂ ಕಳಚಿ ಕರವಸ್ತ್ರದಲ್ಲಿ ಸುತ್ತಿಟ್ಟು, ಬ್ರೆಡ್ಡಿಗೆ ಬೆಲ್ಲದ ಪಾಕದಂಥ ಕಾಕಂಬಿ ಹಚ್ಚಿ, ಚಹಾದಲ್ಲಿ ನೆನೆಸಿ ನುಂಗುತ್ತಿದ್ದಳು. ಒಮ್ಮೆ ಆ ಕರವಸ್ತ್ರದ ಗಂಟು ಮೀನಿನ ಬುಟ್ಟಿಗೆ ಬಿದ್ದುಹೋಯಿತು. ಇಡೀ ಸಾಲಿನ ಕೆಲಸ ನಿಂತಿತು. ನಾವೆಲ್ಲ ತೋಳು ಏರಿಸಿಕೊಂಡು ಮೀನಿನ ರಾಶಿಯಲ್ಲಿ ಅವಳ ಹಲ್ಲು ಹುಡುಕಿದೆವು.

"ಹುಷಾರಾಗಿ ಕೈ ಹಾಕ್ರೇ, ಕಚ್ಚೀತು," ಎಂದು ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ, ಬೊಚ್ಚು ಬಾಯಲ್ಲಿ.

ಸೆಟ್ಟಿನ ವಿಷಯ ಬಂದರೆ ಅವಳಿಗೆ ದಣಿವೇ ಇಲ್ಲ. "ನೋವಿಲ್ಲ, ಹುಳುಕಿಲ್ಲ. ರಾತ್ರಿ ಲೋಟದಲ್ಲಿ ಹಾಕಿಟ್ರೆ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ನಿಮ್ಮಣ್ಣ ಆಲ್ಬನೀನೂ ಹಾಗೆ ಲೋಟದಲ್ಲಿ ಇಡೋ ಹಾಗಿದ್ದಿದ್ರೆ!" ಅನ್ನುತ್ತಿದ್ದಳು. ಅವಳ ಮಾತು ಕೇಳಿ ಕಾರ್ಖಾನೆಯ ಎಷ್ಟು ಹುಡುಗಿಯರು ನಗುನಗುತ್ತಾ ಹೋಗಿ ಬಾಯಿ ಬರಿದು ಮಾಡಿಸಿಕೊಂಡು ಬಂದರೋ! ನಾನು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಹೇಳುತ್ತಿದ್ದೇನೆ. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಊರುಗಳಲ್ಲಿ ಈ ಪದ್ಧತಿ ನಿಂತೇ ಹೋಗಿತ್ತು. ನಮ್ಮಲ್ಲೂ ನಿಲ್ಲುತ್ತಿತ್ತೇನೋ, ಎಕ್ಸಿಲ್ಡಾ ಬಿಡಬೇಕಲ್ಲ.

ಆಗ ಅವಳ ಒಬ್ಬಳೇ ಮಗಳು ಜಿನೆತ್‌ಗೆ ಮದುವೆ ಗೊತ್ತಾಯಿತು. ನನ್ನ ಸೋದರ ಸೊಸೆ, ಬೇಕರಿಯಲ್ಲಿ ಕೆಲಸ, ಬಂಗಾರದಂಥ ಹುಡುಗಿ. ಆದರೆ ಹಲ್ಲು ಮಾತ್ರ ದೇವರಿಗೇ ಪ್ರೀತಿ. ಹುಟ್ಟಿದಾಗಿನಿಂದ ಮೂರು ಹೊತ್ತೂ ಕಾಕಂಬಿ, ಮೇಲೆ ಬೇಕರಿಯ ಸಕ್ಕರೆ. ಮುಂದಿನ ನಾಲ್ಕು ಹಲ್ಲು ಕಂದುಗಟ್ಟಿ, ಮೂಲೆ ಮುರಿದು, ನಡುವೆ ಗುಳಿಬಿದ್ದಿದ್ದವು. ಪಾಪ, ಅವಳು ನಗುವಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮಾತಾಡುವಾಗಲೂ ಹಿಡಿಯುತ್ತಾ ಬಂದಳು. ಕೊನೆಕೊನೆಗೆ ಮಾತೇ ಕಡಿಮೆಯಾಯಿತು. ಮದುವೆಯಾಗುವ ಹುಡುಗ ರೆಮಿ ಏಡಿ ಹಿಡಿಯುವ ದೋಣಿಯವನು. ಅವನಿಗೆ ಇದರ ಯೋಚನೆಯೇ ಇರಲಿಲ್ಲ. ಅವನ ಹಲ್ಲು ಇವಳದ್ದಕ್ಕಿಂತ ಕಡೆ.

ನಮ್ಮಣ್ಣ ಆಲ್ಬನಿಯೋ, ಮಗಳು ಏನು ಕೇಳಿದರೂ "ನಿಮ್ಮಮ್ಮನ್ನ ಕೇಳು" ಅನ್ನುವ ಪೈಕಿ. ಹಾಗಾಗಿ ಎಲ್ಲ ಎಕ್ಸಿಲ್ಡಾಳದೇ ಯಜಮಾನಿಕೆ. ಸೆಟ್ಟು ಕಟ್ಟುವ ಮೆದ್ರಿಕ್‌ನಿಗೆ ಹೇಳಿ ಮಗಳ ಬಾಯಿಯ ಅಳತೆ ತೆಗೆಸಿದಳು. ಸೆಟ್ಟು ಮೊದಲೇ ತಯಾರಾಗಿರಬೇಕು, ಹಲ್ಲು ಕಿತ್ತ ಗಳಿಗೆಯಲ್ಲೇ ಕೂರಿಸಬೇಕು, ಮದುವೆಯ ಫೋಟೋಕ್ಕೆ ಬಾಯಿ ಖಾಲಿ ಇರಬಾರದು. ಇದ್ದುದರಲ್ಲೇ ಅತಿ ಬಿಳಿಯದನ್ನು ಆರಿಸಿ, ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ ಹಾಕಿಸಿ, ಅಡುಗೆಮನೆಯಲ್ಲಿ ಮಾತೆ ಮರಿಯಮ್ಮನ ಕಾಲಡಿ ಇಟ್ಟಳು. ಮನೆಗೆ ಬಂದವರಿಗೆಲ್ಲ ಒಡವೆ ತೋರಿಸುವ ಹಾಗೆ ಮುಚ್ಚಳ ತೆರೆದು ತೋರಿಸುವುದು. ಪಕ್ಕದಲ್ಲೇ ಮೇಣದ ಬತ್ತಿ ಉರಿಯುತ್ತಿತ್ತು ನೋಡಿ, ನೆರೆಮನೆಯ ಮುದುಕಿ ಆ ಹಲ್ಲಿಗೆ ಶಿಲುಬೆ ಗುರುತು ಹಾಕಿ ಹೋದಳು.

ಊರ ಹಳೆಯ ದಂತವೈದ್ಯರು ಇದ್ದಿದ್ದರೆ ಕೆಲಸ ಅರ್ಧ ದಿನದಲ್ಲಿ ಮುಗಿದಿರುತ್ತಿತ್ತು. ಅವರು ಯಾವತ್ತೂ ಯಾಕೆ ಎಂದು ಕೇಳಿದವರಲ್ಲ. ಅವರು ಕೆಲಸ ಬಿಟ್ಟು ಮಗಳ ಮನೆ ಸೇರಿದ್ದರು. ಅವರ ಜಾಗಕ್ಕೆ ಬಂದವಳು ಡಾಕ್ಟರ್ ದುಗೇ, ಮೂವತ್ತರ ಹೆಂಗಸು, ಕುಳ್ಳಿ, ನಮ್ಮ ಕಡೆಯ ಮೀನುಗಾರರ ಮಗಳೇ. ನಮ್ಮ ಮೂವರಲ್ಲಿ ಕಾರು ಓಡಿಸುವವಳು ನಾನೊಬ್ಬಳು. ಹಾಗಾಗಿ ಆ ಶನಿವಾರ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ಎಕ್ಸಿಲ್ಡಾ ಬಿಳಿ ಸೆಟ್ಟು ಹಾಕಿಕೊಂಡಿದ್ದಳು.

"ಎಲ್ಲ ಕಿತ್ಬಿಡಿ ಡಾಕ್ಟ್ರಮ್ಮ. ಸೆಟ್ಟು ನಾವೇ ತಂದಿದೀವಿ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಡಾಕ್ಟರು ಡಬ್ಬಿ ತೆರೆದು ನೋಡಿ ಮುಚ್ಚಿದಳು. ಜಿನೆತ್‌ಳನ್ನು ಕುರ್ಚಿಯಲ್ಲಿ ಒರಗಿಸಿ, ಒಂದೊಂದೇ ಹಲ್ಲನ್ನು ಬಡಿದು, ತಣ್ಣನೆಯದೇನನ್ನೋ ಮುಟ್ಟಿಸಿ, ಎಕ್ಸ್‌ರೇ ತೆಗೆದಳು. ಆಮೇಲೆ ಕುರ್ಚಿ ತಿರುಗಿಸಿಕೊಂಡು ಎಕ್ಸಿಲ್ಡಾಳ ಎದುರು ಕೂತಳು.

"ಅಮ್ಮಾ, ಕೆಳಗಿನವೆಲ್ಲ ಚೆನ್ನಾಗಿವೆ. ಮೇಲೆ ಆರು ಕೆಟ್ಟಿವೆ. ಅದರಲ್ಲಿ ದವಡೆ ಹಲ್ಲೊಂದು ಸತ್ತೇ ಹೋಗಿದೆ, ಅದನ್ನ ಕೀಳ್ತೀನಿ. ಮಿಕ್ಕ ಐದನ್ನ ಉಳಿಸಬಹುದು."

"ಉಳಿಸಿ ಏನ್ಮಾಡೋದು?"

"ತಿನ್ನೋದು."

ನಾನು ಕಿಸಕ್ಕನೆ ನಕ್ಕೆ. ಎಕ್ಸಿಲ್ಡಾ ಹೆಬ್ಬೆರಳು ಎತ್ತಿ ಮೇಲಿನ ಸೆಟ್ಟು ಒತ್ತಿಕೊಂಡಳು.

"ನೋಡಿ ಡಾಕ್ಟ್ರಮ್ಮ, ನಮಗೂ ನಾಲ್ಕು ಜನ ಗೊತ್ತು. ನಮ್ಮ ಕಾರ್ಖಾನೆ ಹುಡುಗಿ ಒಬ್ಬಳು ಹಲ್ಲು ಉಳಿಸ್ಕೊಳ್ತೀನಿ ಅಂತ ಪಟ್ಟಣಕ್ಕೆ ತಿರುಗಿ ತಿರುಗಿ ಸುಸ್ತಾದ್ಲು. ಒಂದ್ಸಲ ಕೊರೆಯೋದು, ಒಂದ್ಸಲ ಅಚ್ಚು ತೆಗೆಯೋದು, ಒಂದ್ಸಲ ಬರೀ ನೋಡೋದು. ಇದ್ದ ಹಲ್ಲನ್ನೂ ಮೊಳೆ ಹಾಗೆ ಅರೆದು ಕೊನೆಗೆ ಟೋಪಿ ಹಾಕಿದ್ರು. ಹಲ್ಲಿಗೂ ಟೋಪಿ, ಅವಳಪ್ಪನಿಗೂ ಟೋಪಿ."

"ನಾನು ಅಚ್ಚು ತೆಗೆಯಲ್ಲ, ಅರೆಯಲ್ಲ. ಮೆತ್ತಗಾಗಿರೋದನ್ನ ಮಾತ್ರ ಕೆರೆದು ತೆಗೀತೀನಿ. ಗಟ್ಟಿ ಇರೋದನ್ನ ಮುಟ್ಟೋದೇ ಇಲ್ಲ. ಅದರ ಮೇಲೇ, ಇಲ್ಲೇ ಕೂತು ಹಲ್ಲು ಕಟ್ಟಿಬಿಡೋದು. ಒಂದೇ ಸಲ. ಇವತ್ತೇ."

ಕುರ್ಚಿಯಿಂದ ಜಿನೆತ್‌ಳ ದನಿ ಬಂತು, ಅಂಗೈಯ ಹಿಂದಿನಿಂದ. "ಬೇಡಮ್ಮ, ಕಿತ್ತೇ ಹಾಕ್ಲಿ. ಇದನ್ನ ಮುಚ್ಕೊಂಡು ಮುಚ್ಕೊಂಡು ನನಗೆ ಸಾಕಾಗಿದೆ. ಮುಗಿದುಹೋಗ್ಲಿ."

ಇಪ್ಪತ್ತೆರಡರ ಹುಡುಗಿ ಆಡುವ ಮಾತೇ ಅದು? ಡಾಕ್ಟರು ಎದ್ದು ಹೋಗಿ ಅವಳ ಕೈಯನ್ನು ಮೆಲ್ಲಗೆ ಬಾಯಿಂದ ಇಳಿಸಿದಳು.

"ಒಂದು ಮಧ್ಯಾಹ್ನ ನನಗೆ ಕೊಡು. ಸಂಜೆ ಕನ್ನಡಿ ನೋಡಿದ ಮೇಲೂ ಕೀಳಿ ಅಂದ್ರೆ ಆಗ ಕೀಳೋ ಮಾತಾಡೋಣ. ಕಟ್ಟಿದ್ದನ್ನ ಯಾವಾಗ ಬೇಕಾದ್ರೂ ಕೀಳಬಹುದು. ಕಿತ್ತಿದ್ದನ್ನ ಮತ್ತೆ ನೆಡೋಕಾಗಲ್ಲ."

ಜಿನೆತ್ ತಾಯಿಯ ಮುಖ ನೋಡಿದಳು. ಎಕ್ಸಿಲ್ಡಾ ನನ್ನ ಕಡೆ ಕೈ ಚಾಚಿದಳು.

"ಯುಲಾಲಿ, ಆ ನಿನ್ನ ಒಣ ಮೀನು ಕೊಡೇ."

ನನ್ನ ಕೋಟಿನ ಜೇಬಲ್ಲಿ ಅಣ್ಣ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಚೂರು ಯಾವಾಗಲೂ ಇರುತ್ತದೆ, ಅಡಿಕೆ ಹಾಗೆ ಅಗಿಯುತ್ತಿರುತ್ತೇನೆ. ಬೂಟಿನ ಚರ್ಮದಂಥ ಆ ತುಂಡನ್ನು ಎಕ್ಸಿಲ್ಡಾ ಡಾಕ್ಟರ ಮೂಗಿನೆದುರು ಹಿಡಿದಳು.

"ಸಂಜೆ ಇವಳು ಇದನ್ನ ಕಚ್ಚಿ ಹರೀಬೇಕು. ನೀವು ಮೆತ್ತಿದ್ದು ಚೂರು ಅಲುಗಿದ್ರೂ ಸರಿ, ನಾನು ಒಪ್ಪಲ್ಲ. ಸೋಮವಾರ ಎಲ್ಲ ಕೀಳಿಸ್ತೀನಿ."

"ಆಗ್ಲಿ. ಆದ್ರೆ ಮರಗಟ್ಟಿದ್ದು ಇಳಿದ ಮೇಲೆ. ಇಲ್ದಿದ್ರೆ ತುಟಿ ಹರ್ಕೊಂಡಾಳು. ಹಲ್ಲು ಕಿತ್ತ ಕಡೆ ಅಲ್ಲ, ಈ ಕಡೆ ಕಚ್ಚಬೇಕು."

ಎಕ್ಸಿಲ್ಡಾ ಗೆದ್ದೇಬಿಟ್ಟೆ ಅಂದುಕೊಂಡು ಮೀನನ್ನು ಕೈಚೀಲಕ್ಕೆ ಹಾಕಿಕೊಂಡಳು. ಹೊರಗೆ ಹೋಗಿ ಕೂತಿರಿ ಅಂದರೆ ಕೇಳುವವಳೇ? ಸ್ಟೂಲು ಎಳೆದುಕೊಂಡು ಮಗಳ ತಲೆಯ ಹತ್ತಿರವೇ ಕೂತಳು, ಕಾರ್ಖಾನೆಗೆ ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದವರು ಕೂರುವ ಹಾಗೆ. ನಾನು ಗೋಡೆಗೊರಗಿ ನಿಂತೆ.

ಮೊದಲು ಸೂಜಿ ಚುಚ್ಚಿ, ಸತ್ತ ದವಡೆ ಹಲ್ಲನ್ನು ತೆಗೆದದ್ದಾಯಿತು. ಇಕ್ಕಳದಲ್ಲಿ ಹಿಡಿದು ಒಂದು ತಿರುವು ತಿರುವಿದಳು, ಬಂದೇಬಿಟ್ಟಿತು.

"ನೋಡಿದ್ಯಾ? ಕೀಳಲೇಬೇಕಾಯ್ತು!" ಎಂದು ಎಕ್ಸಿಲ್ಡಾ ನನಗೆ ಹುಬ್ಬು ಹಾರಿಸಿದಳು. ಆಮೇಲೆ ತಟ್ಟೆಯಲ್ಲಿ ಬಿದ್ದ ಹಲ್ಲನ್ನು ಬಗ್ಗಿ ನೋಡಿ, "ಇಷ್ಟು ಬೇಗ ಬಂತಾ?" ಎಂದಳು.

"ಸತ್ತಿತ್ತಲ್ಲಮ್ಮ, ಹಿಡಿತ ಇರಲಿಲ್ಲ."

ಡಾಕ್ಟರು ಮುಂದಿನ ಹಲ್ಲುಗಳಿಗೆ ಹಸಿರು ರಬ್ಬರಿನ ಹಾಳೆ ತೊಡಿಸಿದಳು. ಹಾಳೆಯ ತೂತುಗಳಿಂದ ಹಲ್ಲುಗಳಷ್ಟೇ ಹೊರಗೆ ಇಣುಕಿದವು. ಯಂತ್ರವನ್ನು ಸ್ವಲ್ಪವೇ ಓಡಿಸಿ, ಆಮೇಲೆ ಪುಟ್ಟ ಚಮಚದಂಥ ಸಲಕರಣೆಯಿಂದ ಕೈಯಲ್ಲೇ ಕೆರೆಯತೊಡಗಿದಳು. ಕೊಳೆತ ಆಲೂಗಡ್ಡೆಯ ಕಣ್ಣು ತೆಗೆದ ಹಾಗೆ ಮೆತ್ತನೆಯದು ಎದ್ದು ಬರುತ್ತಿತ್ತು.

"ಅಲ್ಲಿ ಇನ್ನೂ ಕಪ್ಪಿದೆ. ಬಿಟ್ಬಿಟ್ರಿ," ಎಂದಳು ಎಕ್ಸಿಲ್ಡಾ. ಮೀನಿನ ಮೇಜಿನಲ್ಲಿ ನನಗೆ ಹೇಳುವುದೂ ಇದೇ ದನಿಯಲ್ಲಿ.

"ಕಪ್ಪಿದ್ರೂ ಗಟ್ಟಿ ಇದೆ. ಅದರ ಕೆಳಗೇ ನರ ಇರೋದು. ಆಸೆಬುರುಕಿ ಹಾಗೆ ಪೂರ್ತಿ ಕೆರೆದ್ರೆ ಹಲ್ಲು ಸಾಯುತ್ತೆ. ಅಷ್ಟು ಬಿಟ್ಟು ಮೇಲೆ ಮುಚ್ಚಿದ್ರೆ ಬದುಕ್ಕೊಳ್ಳುತ್ತೆ."

"ಹುಳುಕನ್ನ ಒಳಗೇ ಇಟ್ಟು ಮುಚ್ತಾರಂತೆ. ಚೆನ್ನಾಗಿದೆ!"

ಡಾಕ್ಟರು ಏನೋ ನೀಲಿ ಲೇಪ ಹಚ್ಚಿ ತೊಳೆದಳು, ಒಣಗಿಸಿದಳು, ಅಂಟು ಸವರಿದಳು. ಬಣ್ಣ ಆರಿಸುವ ಹೊತ್ತಿಗೆ ನಿಜವಾದ ರಾದ್ಧಾಂತ ಆಯಿತು. ಡಾಕ್ಟರು ಹಾಳೆಯ ಅಂಚು ಸರಿಸಿ, ಬಣ್ಣದ ಮಾದರಿಗಳನ್ನು ಕೆಳಗಿನ ಹಲ್ಲಿನ ಪಕ್ಕ ಹಿಡಿದು ನೋಡಿ ಸ್ವಲ್ಪ ಕೆನೆ ಬಣ್ಣದ್ದನ್ನು ತೆಗೆದುಕೊಂಡಳು.

"ಅಯ್ಯೋ, ಮದುವೆ ಹುಡುಗಿಗೆ ವಾರದ ಹಲ್ಲು ಹಾಕ್ತೀರಾ? ಭಾನುವಾರದ್ದು ಹಾಕ್ರಿ!" ಎಂದು ಎಕ್ಸಿಲ್ಡಾ ತನ್ನ ಬಾಯಿ ಅಗಲಿಸಿ ಮಾದರಿ ತೋರಿಸಿದಳು.

"ನಿಮ್ಮ ಹಲ್ಲು ದೀಪದ ಹಾಗಿದೆ ಅಮ್ಮಾ. ಇವಳದು ಇವಳ ಹಾಗೇ ಇರ್ಲಿ."

ಆಮೇಲೆ ನಡೆದದ್ದನ್ನು ನಾನು ಈಗಲೂ ಬೇಸರವಿಲ್ಲದೆ ಹೇಳಬಲ್ಲೆ. ಮೆತ್ತನೆಯ ಹಿಟ್ಟಿನಂಥದನ್ನು ಚೂರು ಇಡುವುದು, ತೀಡುವುದು, ಕಿತ್ತಳೆ ಬಣ್ಣದ ಗಾಜು ಅಡ್ಡ ಹಿಡಿದು ನೀಲಿ ಬೆಳಕು ಬಿಡುವುದು. ಕಲ್ಲಾಯಿತು. ಮತ್ತೊಂದು ಚೂರು, ಮತ್ತೆ ಬೆಳಕು. ಮುರಿದ ಮೂಲೆ ನಮ್ಮ ಕಣ್ಣೆದುರಿಗೇ ಬೆಳೆದು ಬಂತು. ಹೀಗೆ ಒಂದಾದ ಮೇಲೊಂದು. ಮೂರನೆಯ ಹಲ್ಲಿನ ಹೊತ್ತಿಗೆ ಎಕ್ಸಿಲ್ಡಾಳ ಮಾತು ನಿಂತೇ ಹೋಯಿತು. ಇಗರ್ಜಿಯಲ್ಲಿ ಪಾದ್ರಿಗಳು ಪೂಜೆ ಮಾಡುವಾಗಲೂ ಸುಮ್ಮನಿರದ ಹೆಂಗಸು! ಹೊಟ್ಟೆ ಹಸಿದಿರಬೇಕು ಅಂದುಕೊಂಡೆ. ಅವಳು ಬಗ್ಗಿ, ಕಣ್ಣು ಮಿಟುಕಿಸದೆ, ಆ ಹಲ್ಲುಗಳನ್ನೇ ನೋಡುತ್ತಿದ್ದಳು.

ಉಜ್ಜಿ ನುಣುಪು ಮಾಡಿ, ಕಚ್ಚು ಸರಿಯಿದೆಯೇ ಎಂದು ಬಣ್ಣದ ಕಾಗದ ಕಚ್ಚಿಸಿ, ಕೊನೆಗೆ ಕನ್ನಡಿ ಕೊಟ್ಟಾಗ ಹೊರಗೆ ಬೆಳಕು ಇಳಿಯುತ್ತಿತ್ತು. ಜಿನೆತ್‌ಳ ತುಟಿ ಮರಗಟ್ಟಿ ಒಂದು ಕಡೆ ಜೋತಿತ್ತು. ಬೆರಳಲ್ಲಿ ತುಟಿ ಎತ್ತಿ ನೋಡಿಕೊಂಡಳು. ನಾಲಿಗೆಯಿಂದ ತಡವಿದಳು.

"ಇದು ನಂದೇನಾ?"

"ನಿಂದೇ. ಬೇರು ನಿಂದು, ನರ ನಿಂದು. ಉದುರಿಹೋಗಿದ್ದಷ್ಟನ್ನ ನಾನು ಕಟ್ಟಿದೀನಿ. ಚೆನ್ನಾಗಿ ಉಜ್ಜಬೇಕು, ಕಾಕಂಬಿ ಬಿಡಬೇಕು. ಯಾವತ್ತಾದ್ರೂ ಚೂರು ಎದ್ರೆ ಬಾ, ಮತ್ತೆ ಮೆತ್ತಿ ಕೊಡ್ತೀನಿ."

ಹುಡುಗಿ ಅಳುತ್ತಾ ನಕ್ಕಳು. ಅಂಗೈ ಅಭ್ಯಾಸಬಲದಿಂದ ಮೇಲೆದ್ದು, ಅರ್ಧಕ್ಕೆ ಬಂದು, ಅಲ್ಲೇ ನಿಂತಿತು. ನನಗಂತೂ ಕಣ್ಣು ತುಂಬಿ ಬಂತು. ನಾಚಿಕೆ ಯಾಕೆ, ನಾನೂ ಅತ್ತೆ.

ಎಕ್ಸಿಲ್ಡಾ ಮಾತ್ರ ಬಿಡಲಿಲ್ಲ. ಪರೀಕ್ಷೆ ಪರೀಕ್ಷೆಯೇ. ಮೂವರೂ ಹೊರಗಿನ ಬೆಂಚಿನ ಮೇಲೆ ಕೂತು ಮರಗಟ್ಟಿದ್ದು ಇಳಿಯುವುದನ್ನು ಕಾದೆವು. ಜಿನೆತ್ ಕೆನ್ನೆ ಚಿವುಟಿಕೊಂಡು "ಈಗ ಗೊತ್ತಾಗ್ತಿದೆ" ಅಂದಾಗ ಡಾಕ್ಟರೂ ಕೈ ಒರೆಸಿಕೊಂಡು ಬಂದಳು. ಎಕ್ಸಿಲ್ಡಾ ಮೀನು ಕೊಟ್ಟಳು. ಹುಡುಗಿ ಅದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕಚ್ಚಿ ಎಳೆದಳು. ಚರ್ ಅಂತ ಹರಿಯಿತು.

"ಬಾಯಿ ತೆಗಿ," ಎಂದಳು ಎಕ್ಸಿಲ್ಡಾ. ಮಗಳ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ, ಒಂದೊಂದೇ ಹಲ್ಲನ್ನು ಬೆರಳಿಂದ ಅಲುಗಿಸಿ ನೋಡಿದಳು. ಒಂದೂ ಅಲುಗಲಿಲ್ಲ.

"ಕೀಳಿಸ್ತೀಯಾ?"

"ಇಲ್ಲಮ್ಮ. ಸತ್ರೂ ಇಲ್ಲ."

"ಆ ಡಬ್ಬಿ ನಾಳೆ ಮೆದ್ರಿಕ್‌ಗೆ ವಾಪಸ್ಸು ಕೊಟ್ಬಿಡೇ ಯುಲಾಲಿ," ಎಂದಳು ನನಗೆ. ಸೋತವಳನ್ನು ಸ್ವಲ್ಪ ಕೆಣಕೋಣ ಅಂತ ನಾನು ಬಾಯಿ ತೆರೆದೆ. ಅವಳ ಮುಖ ನೋಡಿ ಡಬ್ಬಿಯನ್ನು ಕೈಗೆತ್ತಿಕೊಂಡೆ.

ಅವಳು ಎದ್ದು ಕೋಟು ಹಾಕಿಕೊಂಡಳು. ಗುಂಡಿ ಹಾಕುತ್ತಾ, ಡಾಕ್ಟರ ಕಡೆ ನೋಡದೆ, ಕೇಳಿದಳು.

"ಡಾಕ್ಟ್ರಮ್ಮ, ಎರಡೇ ಹಲ್ಲು ಕೆಟ್ಟಿದ್ರೆ ಇದು ಎಷ್ಟು ಹೊತ್ತಿನ ಕೆಲಸ?"

"ಎರಡಕ್ಕಾ? ಒಂದು ಗಂಟೆ ಸಾಕು. ಯಾರಿಗೆ?"

"ಒಬ್ಬ ಹುಡುಗಿಗೆ. ಹತ್ತೊಂಬತ್ತು ವರ್ಷ. ಮದುವೆ ಗೊತ್ತಾಗಿದೆ."

"ಕರ್ಕೊಂಡು ಬನ್ನಿ ಅಮ್ಮಾ. ಬೇರೆ ಯಾರ ಹತ್ರಾನೂ ಹೋಗೋಕೆ ಬಿಡಬೇಡಿ. ಒಂದೇ ಒಂದು ಗಂಟೆ, ನಾನು ಮಾಡ್ಕೊಡ್ತೀನಿ."

ಹತ್ತೊಂಬತ್ತಕ್ಕೆ ಮದುವೆಯಾಗಿ, ಫಳಫಳ ಹೊಸ ಸೆಟ್ಟು ಹಾಕಿಕೊಂಡು ನಮ್ಮ ಮನೆಯ ಹೊಸ್ತಿಲು ದಾಟಿದವಳನ್ನು ನಾನೇ ಒಳಗೆ ಕರೆದಿದ್ದೆ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ನಿಂತು ಮೀನು ಕೊಯ್ದಿದ್ದೇನೆ, ಈ ಮಾತು ಕೇಳಿರಲಿಲ್ಲ.

"ಯಾರಮ್ಮ ಆ ಹುಡುಗಿ?" ಎಂದಳು ಜಿನೆತ್.

"ನಾನೇ ಕಣೇ. ನಂದು ಎರಡೇ ಕೆಟ್ಟಿದ್ದು." ಎಕ್ಸಿಲ್ಡಾ ಕೊನೆಯ ಗುಂಡಿ ಹಾಕಿದಳು. "ಮಿಕ್ಕಿದ್ದೆಲ್ಲ ಕಲ್ಲಿನ ಹಾಗಿದ್ವು. ಕೀಳೋಕೆ ಆಗ್ದೆ ಆ ಹಳೇ ಡಾಕ್ಟ್ರು ಬೆವೆತುಹೋದ್ರು. ನಡುವೆ ಕೋಟು ಬಿಚ್ಚಿಟ್ಟು, ನೀರು ಕುಡಿದು, ಮತ್ತೆ ಶುರು ಮಾಡಿದ್ರು. ಅವು ಬರಲ್ಲ ಬರಲ್ಲ ಅಂತಾನೇ ಇದ್ವು ಕಣೇ. ನಾನೇ ಬಾಯಿ ತೆಕ್ಕೊಂಡು ಕೂತಿದ್ದೆ."